ಚೇರ್‌ಲಿಫ್ಟ್ ಲೋಡಿಂಗ್ ಗೇಟು: ಲಿಫ್ಟ್ ನಿಧಾನವಾದಾಗ ತಾಳ ತಪ್ಪುವುದೇಕೆ?

ಹಿಮಪಥಿಕ
ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೊಯ್ಯುವ ನಾಲ್ಕು ಸೀಟಿನ ಫಿಕ್ಸೆಡ್ ಗ್ರಿಪ್ ಚೇರ್‌ಲಿಫ್ಟ್ (ಕುರ್ಚಿಯ ಹಿಡಿಕೆ, ಅಂದರೆ ಗ್ರಿಪ್, ಓಡುವ ಹಗ್ಗಕ್ಕೆ ಸದಾ ಬಿಗಿದಿರುತ್ತದೆ). ಕೆಳಗಿನ ಸ್ಟೇಷನ್ನಿನಲ್ಲಿ ಲೋಡಿಂಗ್ ಬೆಲ್ಟು (ಜನರನ್ನು ನಿಂತಂತೆಯೇ ಮುಂದಕ್ಕೆ ಸಾಗಿಸುವ ಚಲಿಸುವ ಪಟ್ಟೆ), ಬೆಲ್ಟಿನ ತಲೆಯಲ್ಲಿ ನಾಲ್ಕು ಸಾಲಿಗೆ ನಾಲ್ಕು ಗೇಟು. ಲಿಫ್ಟ್ ಪೂರ್ಣ ವೇಗದಲ್ಲಿರುವಾಗ ಎಲ್ಲ ಸರಿಯಾಗಿ ನಡೆಯುತ್ತದೆ. ಮಕ್ಕಳಿಗಾಗಿ ಅರ್ಧ ವೇಗಕ್ಕೆ ಇಳಿಸಿದರೆ ಜನ ಲೋಡಿಂಗ್ ಗೆರೆ (ಕುರ್ಚಿ ಬಂದು ಎತ್ತಿಕೊಳ್ಳಬೇಕಾದ ಜಾಗ) ದಾಟಿ ಮುಂದೆ ಹೋಗಿರುತ್ತಾರೆ, ಕುರ್ಚಿ ಇನ್ನೂ ಹಿಂದೆಯೇ ಬರುತ್ತಿರುತ್ತದೆ. ಹಗ್ಗದ ವೇಗ ಎಷ್ಟು ಇಳಿಯುತ್ತದೋ ಬೆಲ್ಟಿನ ವೇಗವೂ ಅದೇ ಲೆಕ್ಕದಲ್ಲಿ ಇಳಿಯುತ್ತದಲ್ಲ, ಹಾಗಿದ್ದ ಮೇಲೆ ತಪ್ಪು ಎಲ್ಲಿ ನುಸುಳುತ್ತದೆ? ಗೇಟು ತೆರೆಯುವುದನ್ನು ಟೈಮರ್‌ಗೆ ಬಿಡಬೇಕೋ ಸೆನ್ಸಾರ್‌ಗೋ?

ಬುಲ್‌ವೀಲ್_ಭಟ್ಟರು
ಮೊದಲು ಒಂದು ಗೊಂದಲ ಬಿಡಿಸಿಬಿಡೋಣ, ಈ ವಿಷಯ ಬಂದಾಗಲೆಲ್ಲ ಅದು ತಲೆ ಹಾಕುತ್ತದೆ. ಸ್ಕೀ ರೆಸಾರ್ಟಿನಲ್ಲಿ ಗೇಟು ಎರಡು ಥರ. ಸಾಲಿನ ಬಾಯಲ್ಲಿ ಕಾರ್ಡ್ ಓದಿ ಬಿಡುವುದು ಟಿಕೆಟ್ ಗೇಟು. ಅದಕ್ಕೆ ಕುರ್ಚಿ ಎಲ್ಲಿದೆ ಎಂಬ ಚಿಂತೆಯಿಲ್ಲ. ನಾವು ಮಾತಾಡುತ್ತಿರುವುದು ಲೋಡಿಂಗ್ ಗೇಟು. ಇದಕ್ಕೆ ಟಿಕೆಟ್ಟಿನ ಗೊಡವೆಯಿಲ್ಲ, ಇದರ ಕೆಲಸ ಒಂದೇ: ಯಾವ ಕುರ್ಚಿಗೆ ಯಾವ ತಂಡದ ಜನ ಎಂದು ಕಾಲಕ್ಕೆ ಸರಿಯಾಗಿ ಬಿಡುವುದು. ಇದನ್ನು ತಡೆಗೋಲು ಅಂತ ನೋಡಿದರೆ ಅರ್ಥವೇ ಆಗುವುದಿಲ್ಲ. ಗಡಿಯಾರ ಅಂತ ನೋಡಿ.

ರಚನೆ ಸರಳ. ಪ್ರತಿ ಸಾಲಿಗೆ ಒಂದು ಕಂಬ, ಅದರ ಮೇಲೆ ಹೊಟ್ಟೆಯ ಎತ್ತರಕ್ಕೆ ಅಡ್ಡ ತಿರುಗುವ ತೋಳು, ತೋಳಿಗೆ ಮೆತ್ತನೆಯ ಫೋಮ್ ಹೊದಿಕೆ. ತಿರುಗಿಸಲು ಚಿಕ್ಕ ವಿದ್ಯುತ್ ಮೋಟರ್ ಅಥವಾ ಗಾಳಿ ಒತ್ತಡದ ಸಿಲಿಂಡರ್. ತೋಳು ಮತ್ತು ಮೋಟರ್ ನಡುವೆ ಜಾರುವ ಕ್ಲಚ್ ಇರಲೇಬೇಕು. ಮುಚ್ಚುವ ಹೊತ್ತಿಗೆ ಯಾರಾದರೂ ನಡುವೆ ಸಿಕ್ಕಿದರೆ ಕೈಯಿಂದ ತಳ್ಳಿದೊಡನೆ ತೋಳು ಬಿಟ್ಟುಕೊಡಬೇಕು. ಸಾಲುಗಳ ಅಗಲ ಮನಸ್ಸಿಗೆ ಬಂದಂತೆ ಇಡುವುದಲ್ಲ. ಕುರ್ಚಿಯಲ್ಲಿ ಒಬ್ಬರಿಗೆ ಸುಮಾರು 45–50 ಸೆಂ.ಮೀ. ಸೀಟು ಸಿಗುತ್ತದೆ, ಗೇಟಿನ ಮಧ್ಯಕ್ಕೂ ಆ ಸೀಟಿನ ಮಧ್ಯಕ್ಕೂ ಆದಷ್ಟು ನೇರ ಗೆರೆ ಬೀಳಬೇಕು. ಇಲ್ಲದಿದ್ದರೆ ಬೆಲ್ಟಿನ ಮೇಲೆ ಜನ ಪಕ್ಕಕ್ಕೆ ಸರಿಯಲು ಹೋಗಿ ಒಬ್ಬರ ಸ್ಕೀ ಮೇಲೆ ಇನ್ನೊಬ್ಬರ ಸ್ಕೀ ಹತ್ತುತ್ತದೆ.

ಪಲ್ಸ್_ಎಣಿಕೆ
ಹಿಮಪಥಿಕ ಅವರ ಪ್ರಶ್ನೆಗೆ ನೇರ ಲೆಕ್ಕ ಹಾಕೋಣ. ಅಂಕಿ ನಿಮ್ಮ ಲಿಫ್ಟಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ, ದಾರಿ ಬದಲಾಗುವುದಿಲ್ಲ.

ಗಂಟೆಗೆ 2400 ಜನ, ನಾಲ್ಕು ಸೀಟು ಅಂದರೆ ಗಂಟೆಗೆ 600 ಕುರ್ಚಿ, ಅಂದರೆ 6 ಸೆಕೆಂಡಿಗೆ ಒಂದು. ಹಗ್ಗದ ವೇಗ ಸೆಕೆಂಡಿಗೆ 2.5 ಮೀ. ಇದ್ದರೆ ಎರಡು ಕುರ್ಚಿಗಳ ನಡುವೆ 15 ಮೀ. ಬೆಲ್ಟಿನ ವೇಗ 0.8 ಮೀ. ಇರಲಿ. ಗೇಟಿನಿಂದ ಬೆಲ್ಟಿನ ಅಂಚಿಗೆ 1 ಮೀ. ಹಿಮದ ಇಳಿಜಾರು, ಅಲ್ಲಿಂದ ಲೋಡಿಂಗ್ ಗೆರೆಗೆ ಬೆಲ್ಟಿನ ಮೇಲೆ 5.6 ಮೀ.

ಗೇಟು ತೆರೆದ ಮೇಲೆ ಜನ ಇಳಿಜಾರು ಜಾರಲು ಸುಮಾರು 1.5 ಸೆಕೆಂಡ್. ಬೆಲ್ಟಿನ ಮೇಲೆ 7 ಸೆಕೆಂಡ್. ಒಟ್ಟು 8.5. ಅಷ್ಟರಲ್ಲಿ ಕುರ್ಚಿ ಕ್ರಮಿಸುವ ದೂರ 21.25 ಮೀ. ಅಂದರೆ ಗೇಟು ತೆರೆಯುವ ಹೊತ್ತಿಗೆ ಇವರನ್ನು ಹೊರುವ ಕುರ್ಚಿ (2ನೇ ಕುರ್ಚಿ ಅನ್ನೋಣ) ಲೋಡಿಂಗ್ ಗೆರೆಯಿಂದ 21.25 ಮೀ. ಹಿಂದಿರಬೇಕು. ಅದಕ್ಕೂ 15 ಮೀ. ಮುಂದಿರುವ 1ನೇ ಕುರ್ಚಿ ಗೆರೆಯಿಂದ 6.25 ಮೀ. ಹಿಂದಿರುತ್ತದೆ. ಅದು ಆಗ ತಾನೇ ಗೇಟಿನ ಎದುರು ಹಾದುಹೋಗಿ, ಇವರಿಗಿಂತ ಮೊದಲು ಬಿಟ್ಟ, ಈಗಾಗಲೇ ಬೆಲ್ಟಿನ ಮೇಲಿರುವ ತಂಡದವರನ್ನು ಎತ್ತಿಕೊಳ್ಳಲು ಹೊರಟಿರುತ್ತದೆ. ಬೆಲ್ಟಿನ ಮೇಲೆ ಒಂದೇ ಹೊತ್ತಿಗೆ ಎರಡು ತಂಡ ಜನ ಇರುವುದು ಇದಕ್ಕೇ.

ಈಗ ಅರ್ಧ ವೇಗ. ಹಗ್ಗ 1.25, ಬೆಲ್ಟು 0.4. ಬೆಲ್ಟಿನ ಮೇಲೆ 14 ಸೆಕೆಂಡ್ ಆಯಿತು, ದುಪ್ಪಟ್ಟು. ಆದರೆ ಇಳಿಜಾರಿನ 1.5 ಸೆಕೆಂಡ್ ಹಾಗೇ ಉಳಿಯಿತು! ಇಳಿಜಾರಿನಲ್ಲಿ ಜನರನ್ನು ಎಳೆಯುವುದು ಭೂಮಿ, ಮೋಟರ್ ಅಲ್ಲ. ಲಿಫ್ಟ್ ನಿಧಾನವಾಯಿತೆಂದು ಅವರು ನಿಧಾನಕ್ಕೆ ಜಾರುವುದಿಲ್ಲ. ನಿಮ್ಮ ತಪ್ಪು ನುಸುಳುವುದು ಆ ಒಂದು ಮೀಟರಿನಲ್ಲಿ.

ಪಲ್ಸ್_ಎಣಿಕೆ
ಮುಂದುವರಿಸುತ್ತೇನೆ. ಸೆನ್ಸಾರ್ ಕುರ್ಚಿಯನ್ನು ಕಂಡ ಮೇಲೆ ಎನ್‌ಕೋಡರ್ (ತಿರುಗಿದಷ್ಟಕ್ಕೆ ತಕ್ಕಂತೆ ಪಲ್ಸ್, ಅಂದರೆ ಮಿಡಿತ, ಕೊಡುವ ಉಪಕರಣ) ಪಲ್ಸ್ ಎಣಿಸಿ, ಅಂದರೆ ದೂರ ಅಳೆದು, ಗೇಟು ತೆರೆಯುವ ವ್ಯವಸ್ಥೆಯಿದ್ದರೆ: ಅರ್ಧ ವೇಗದಲ್ಲಿ 2ನೇ ಕುರ್ಚಿ 21.25 ಮೀ. ಬರಲು 17 ಸೆಕೆಂಡ್, ಜನ ಬರಲು 15.5. ಒಂದೂವರೆ ಸೆಕೆಂಡ್ ಮೊದಲೇ ಬಂದರು, 0.4ರ ಬೆಲ್ಟಿನಲ್ಲಿ ಅದು ಗೆರೆಯಿಂದ 60 ಸೆಂ.ಮೀ. ಮುಂದೆ.

ಟೈಮರ್ ಮಾತ್ರ ಇದ್ದರೆ ಇನ್ನೂ ಕೆಟ್ಟದ್ದು. 1ನೇ ಕುರ್ಚಿ ಗೆರೆಯಿಂದ 8.75 ಮೀ. ಹಿಂದಿರುವಾಗ ಸೆನ್ಸಾರ್ ಅದನ್ನು ಕಾಣುತ್ತದೆ, 1 ಸೆಕೆಂಡ್ ಬಿಟ್ಟು ಗೇಟು ತೆರೆಯುತ್ತದೆ ಅಂದುಕೊಳ್ಳಿ. ಪೂರ್ಣ ವೇಗದಲ್ಲಿ ಆ ಸೆಕೆಂಡಿನಲ್ಲಿ ಕುರ್ಚಿ 2.5 ಮೀ. ಸಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಅರ್ಧ ವೇಗದಲ್ಲಿ 1.25 ಮೀ. ಅಷ್ಟೇ, ಇನ್ನೂ 7.5 ಮೀ. ಹಿಂದಿದೆ. ಜನ ಗೆರೆಯಿಂದ ಪೂರ್ತಿ 1 ಮೀ. ಮುಂದೆ ಹೋಗಿರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ನಮ್ಮ ಉದಾಹರಣೆಯಲ್ಲಿ ಕುರ್ಚಿ ಗೇಟಿನ ಎದುರು ಹಾಯುವುದು, ಹಗ್ಗದ ದಾರಿಯಲ್ಲಿ ಅಳೆದರೆ, ಗೆರೆಯಿಂದ ಸುಮಾರು 6.9 ಮೀ. ಹಿಂದೆ. ಗೇಟು ತೆರೆದಾಗ 1ನೇ ಕುರ್ಚಿ ಇನ್ನೂ ಗೇಟಿನ ಎದುರು ಹಾದಿರುವುದೇ ಇಲ್ಲ! ಜನ ಜಾರಲು ಶುರುಮಾಡಿದರೆ ಅದು ಪಕ್ಕದಿಂದ ಬಂದು ತಗುಲುತ್ತದೆ.

ಆದ್ದರಿಂದ ಟೈಮರ್ ಬೇಡ. ಸರಿಯಾದ ಸೂತ್ರ ಇದು: ತೆರೆಯಬೇಕಾದ ದೂರ = (ಬೆಲ್ಟಿನ ದೂರ × ಹಗ್ಗದ ವೇಗ ÷ ಬೆಲ್ಟಿನ ವೇಗ) + (ಜಾರುವ ಸಮಯ × ಹಗ್ಗದ ಈಗಿನ ವೇಗ). ಮೊದಲ ಭಾಗ ಯಾವ ವೇಗದಲ್ಲೂ 17.5 ಮೀ. ಎರಡನೆಯದು ಪೂರ್ಣ ವೇಗದಲ್ಲಿ 3.75, ಅರ್ಧ ವೇಗದಲ್ಲಿ 1.9. ಪಿಎಲ್‌ಸಿಯಲ್ಲಿ (ಗೇಟು ನಿಯಂತ್ರಿಸುವ ಕಂಪ್ಯೂಟರಿನಲ್ಲಿ) ಈ ಎರಡನೇ ಭಾಗ ವೇಗದ ಜೊತೆ ಬದಲಾಗುತ್ತಿದೆಯೇ ನೋಡಿ. ಬಹುಶಃ ಅಲ್ಲಿ ಒಂದು ಸ್ಥಿರ ಅಂಕಿ ಕೂತಿದೆ.

ಸಲಿಕೆ_ಸಾವಿತ್ರಿ
ಪಲ್ಸ್ ಅವರ ಲೆಕ್ಕ ಒಪ್ಪಿದೆ. ಆದರೆ ಆ 1.5 ಸೆಕೆಂಡ್ ಅನ್ನುವುದನ್ನು ಕಲ್ಲಿನಲ್ಲಿ ಕೆತ್ತಿದ ಅಂಕಿಯ ಹಾಗೆ ಹಿಡಿದರೆ ಪ್ರತಿದಿನ ಮೋಸಹೋಗುತ್ತೀರಿ. ಗೇಟಿನ ಮುಂದಿನ ಆ ಒಂದು ಮೀಟರ್ ಹಿಮ ಗೇಟಿನದೇ ಒಂದು ಭಾಗ. ಅದು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ.

ಲೆಕ್ಕ ಬೇಕಾದರೆ ಇಲ್ಲಿದೆ. ಒಣ, ತಣ್ಣನೆ ಹಿಮದಲ್ಲಿ ಸ್ಕೀಯ ಘರ್ಷಣೆ ಗುಣಾಂಕ 0.05ರ ಆಸುಪಾಸು. ಇಳಿಜಾರು 15 ಪ್ರತಿಶತ, ಅಂದರೆ 1 ಮೀ. ಉದ್ದಕ್ಕೆ 15 ಸೆಂ.ಮೀ. ತಗ್ಗು ಇದ್ದರೆ, ನಿಂತಲ್ಲಿಂದ ಜಾರಲು 1.4–1.5 ಸೆಕೆಂಡ್. ಬಿಸಿಲೇರಿ ಹಿಮ ಒದ್ದೆಯಾಯಿತು, ಗುಣಾಂಕ 0.1 ಆಯಿತು ಅನ್ನಿ, ಅದೇ ಇಳಿಜಾರಿಗೆ 2 ಸೆಕೆಂಡ್ ಬೇಕು. ಇನ್ನು ನೂರಾರು ಜನ ಕಾಲಿಟ್ಟು, ಗೇಟಿನ ಬುಡ ಸವೆದು, ಇಳಿಜಾರು 10 ಪ್ರತಿಶತಕ್ಕೆ ಇಳಿಯಿತು, ಹಿಮವೂ ಒದ್ದೆ: ಆಗ ಜನ ಜಾರುವುದೇ ಇಲ್ಲ. ಗೇಟು ತೆರೆದಿರುತ್ತದೆ, ಅವರು ನಿಂತೇ ಇರುತ್ತಾರೆ, ಕೋಲು ಊರಿ ನೂಕಿಕೊಂಡು ಬರುತ್ತಾರೆ. ಒಬ್ಬರು ಬೇಗ, ಒಬ್ಬರು ತಡ.

ಮಧ್ಯಾಹ್ನ ಎರಡು ಗಂಟೆಗೆ "ಗೇಟು ಕೆಟ್ಟಿದೆ" ಅನ್ನುವ ದೂರು ಬಂದರೆ ಮೊದಲು ಸಲಿಕೆ ಹಿಡಿಯಬೇಕು, ಲ್ಯಾಪ್‌ಟಾಪ್ ಅಲ್ಲ. ಗೇಟಿನ ಬುಡದಲ್ಲಿ ಸವೆದ ಗುಳಿಗೆ ಹೊಸ ಹಿಮ ತುಂಬಿ, ಒತ್ತಿ, ಸಮ ಮಾಡಿ. ಬೆಲ್ಟಿನ ಅಂಚಿನಲ್ಲಿ ಹಿಮ ಬೆಲ್ಟಿನ ಮಟ್ಟಕ್ಕೇ ಬರಬೇಕು. ಮೇಲೆದ್ದಿದ್ದರೆ ಸ್ಕೀ ತುದಿ ಹಾರಿ ಬೆಲ್ಟಿಗೆ ಬಡಿಯುತ್ತದೆ, ತಗ್ಗಿದ್ದರೆ ಅಂಚಿಗೆ ಸಿಕ್ಕಿ ಜನ ಮುಗ್ಗರಿಸುತ್ತಾರೆ. ಹಾಗೇ, ಗೇಟಿನ ಹಿಂದೆ ಜನ ಕಾಯುವ ಜಾಗ ಮಟ್ಟಸವಾಗಿರಲಿ. ಅಲ್ಲೂ ಇಳಿಜಾರು ಬಿಟ್ಟರೆ ಹಿಂದಿನವರ ಭಾರವೆಲ್ಲ ತೋಳಿನ ಮೇಲೆ ಬಿದ್ದು ಕ್ಲಚ್ ಜಾರುತ್ತದೆ, ಗೇಟು ತಾನಾಗೇ ಅರ್ಧ ತೆರೆದು ನಿಲ್ಲುತ್ತದೆ.

ಪಲ್ಸ್_ಎಣಿಕೆ
ಸಾವಿತ್ರಿ ಮೇಡಂ, ಒಪ್ಪಿದೆ. ಆದರೆ ಒದ್ದೆ ಹಿಮದ ದಿನಕ್ಕೆ ಜಾರುವ ಸಮಯವನ್ನು ಅರ್ಧ ಸೆಕೆಂಡ್ ಏರಿಸುವ ಗುಂಡಿ ಆಪರೇಟರ್ ಫಲಕದಲ್ಲೇ ಇದ್ದರೆ ಕೆಲಸ ಸುಲಭವಲ್ಲವೇ?

ಸಲಿಕೆ_ಸಾವಿತ್ರಿ
ಬೇಡ ಅನ್ನುತ್ತೇನೆ. ನಿಮ್ಮದೇ ಲೆಕ್ಕದಲ್ಲಿ ನೋಡಿ: ಸಮಯ ಅರ್ಧ ಸೆಕೆಂಡ್ ಏರಿಸಿದರೆ ಗೇಟು ಅರ್ಧ ಸೆಕೆಂಡ್ ಮೊದಲು ತೆರೆಯಬೇಕು. ಆಗ 1ನೇ ಕುರ್ಚಿ 7.5 ಮೀ. ಹಿಂದಿರುತ್ತದೆ, ಗೇಟಿನ ಎದುರು ಇನ್ನೂ ಹಾದಿರುವುದಿಲ್ಲ. ನೀವೇ ಅಪಾಯ ಅಂದ ಜಾಗಕ್ಕೆ ಬಂದು ನಿಂತೆವು. ಮರುದಿನ ಬೆಳಿಗ್ಗೆ ಹಿಮ ಗಡುಸಾದಾಗ ಆ ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಯಾರಿಗೂ ನೆನಪಿರುವುದಿಲ್ಲ. ಇಳಿಜಾರನ್ನು 1.5 ಸೆಕೆಂಡಿಗೆ ತನ್ನಿ, ಸೆಟ್ಟಿಂಗ್ ಹಾಗೇ ಇರಲಿ.

ಪಲ್ಸ್_ಎಣಿಕೆ
ಹೌದು, ಈ ಮಾತು ಸರಿ. ಗುಂಡಿಯ ಮಾತು ಹಿಂತೆಗೆದುಕೊಂಡೆ. ಕಡೇಪಕ್ಷ ಪಿಎಲ್‌ಸಿಯಲ್ಲಿ ಒಂದು ಕಟ್ಟುನಿಟ್ಟಿನ ತಡೆ ಬೇಕು: ಕುರ್ಚಿ ಗೇಟಿನ ಎದುರು ಹಾದು ಹೋಗಿದೆ ಎಂದು ಸೆನ್ಸಾರ್ ಹೇಳುವವರೆಗೆ, ಉಳಿದ ಲೆಕ್ಕ ಏನೇ ಹೇಳಲಿ, ಗೇಟು ತೆರೆಯಕೂಡದು.

ಬುಲ್‌ವೀಲ್_ಭಟ್ಟರು
ಜನ ತಡವಾಗಿ ಬಂದರೆ ಏನಾಗುತ್ತದೆ ಅನ್ನುವುದನ್ನು ಕುರ್ಚಿಯ ಕಡೆಯಿಂದ ನೋಡಿ. ಅರ್ಧ ಸೆಕೆಂಡ್ ತಡ ಅಂದರೆ 40 ಸೆಂ.ಮೀ. ಹಿಂದೆ. ಕುರ್ಚಿ ಅವರನ್ನು ಹಿಡಿಯುವುದು ಗೆರೆಗಿಂತ ಅರ್ಧ ಮೀಟರಿಗೂ ಹೆಚ್ಚು ಮೊದಲೇ. ಫಿಕ್ಸೆಡ್ ಗ್ರಿಪ್ ಕುರ್ಚಿ ಬುಲ್‌ವೀಲ್ (ಸ್ಟೇಷನ್ನಿನಲ್ಲಿ ಹಗ್ಗ ಸುತ್ತಿ ತಿರುಗುವ ದೊಡ್ಡ ಚಕ್ರ) ಸುತ್ತುವಾಗ ಹೊರಗಡೆಗೆ ವಾಲಿರುತ್ತದೆ. 5 ಮೀ. ವ್ಯಾಸದ ಚಕ್ರ, 2.5 ಮೀ. ವೇಗಕ್ಕೆ ಸುಮಾರು 14 ಡಿಗ್ರಿ. ಚಕ್ರ ಬಿಟ್ಟ ಮೇಲೆ ಒಂದೆರಡು ಮೀಟರ್ ಆಚೀಚೆ ತೂಗಿ ಸಮಾಧಾನಕ್ಕೆ ಬರುತ್ತದೆ. ಲೋಡಿಂಗ್ ಗೆರೆ ಚಕ್ರದಿಂದ ಅಷ್ಟು ದೂರ ಇರುವುದು ಇದಕ್ಕಾಗಿ. ಮೊದಲೇ ಸಿಕ್ಕಿದವರಿಗೆ ತೂಗುವ ಕುರ್ಚಿ ಮೊಣಕಾಲ ಹಿಂದೆ ಓರೆಯಾಗಿ ಬಡಿಯುತ್ತದೆ.

ಪೂರ್ತಿ ತಪ್ಪಿಸಿಕೊಂಡು ಬೆಲ್ಟಿನ ಆಚೆ ಹಿಮದ ಮೇಲೆ ನಿಂತವರಿಗೆ ಪೂರ್ಣ 2.5 ಮೀ. ವೇಗದ ಪೆಟ್ಟು. ಬೆಲ್ಟಿನ ಮೇಲಿದ್ದರೆ 1.7. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಪೆಟ್ಟು ದುಪ್ಪಟ್ಟಿಗಿಂತ ಹೆಚ್ಚು. ಬೆಲ್ಟಿನ ಪ್ರಯೋಜನವೆಲ್ಲ ಆ ವ್ಯತ್ಯಾಸದಲ್ಲಿದೆ. ಹಾಗಾಗಿ ಬೆಲ್ಟು ಕೆಟ್ಟು ನಿಂತ ದಿನ ಗೇಟು ತೆರೆದಿಟ್ಟು ಅದೇ ವೇಗದಲ್ಲಿ ಓಡಿಸುವಂತಿಲ್ಲ. ಬೆಲ್ಟಿಲ್ಲದ ಲೋಡಿಂಗಿಗೆ ಆ ಲಿಫ್ಟಿನ ಕೈಪಿಡಿಯಲ್ಲಿ ಯಾವ ವೇಗ ಬರೆದಿದೆಯೋ ಅಲ್ಲಿಗೆ ಇಳಿಸಲೇಬೇಕು.

ಆಲ್ಪ್ಸ್_ಅಂಚಿನಿಂದ
ಡಿಟ್ಯಾಚಬಲ್ ಲಿಫ್ಟಿನ ಮಾತು ಯಾರೂ ಎತ್ತಲಿಲ್ಲ. ಅಲ್ಲಿ ಹಗ್ಗ ಸೆಕೆಂಡಿಗೆ 5 ಮೀ. ಓಡುತ್ತಿದ್ದರೂ ಸ್ಟೇಷನ್ನಿನೊಳಗೆ ಗ್ರಿಪ್ ಹಗ್ಗ ಬಿಟ್ಟು, ಟೈರುಗಳ ಮೇಲೆ ಕುರ್ಚಿ 1 ಮೀ. ಆಸುಪಾಸಿನ ವೇಗದಲ್ಲಿ ಸಾಗುತ್ತದೆ. ಆರು ಸೀಟು, ಗಂಟೆಗೆ 3000 ಜನ ಅಂದರೆ 7.2 ಸೆಕೆಂಡಿಗೊಂದು ಕುರ್ಚಿ, ಸ್ಟೇಷನ್ನಿನಲ್ಲಿ ಅವುಗಳ ಅಂತರ 7 ಮೀ. ಚಿಲ್ಲರೆ. ಗೇಟು ತಪ್ಪಿದರೂ ಪೆಟ್ಟು ಮೆತ್ತಗೆ. ಆದರೆ ನಷ್ಟ ಬೇರೆ ರೂಪದಲ್ಲಿ ಬರುತ್ತದೆ: ಆರು ಸೀಟಿನ ಕುರ್ಚಿ ನಾಲ್ಕೇ ಜನರನ್ನು ಹೊತ್ತು ಹೋದರೆ 3000 ಅನ್ನುವುದು 2000ಕ್ಕೆ ಬಂತು. ಆಲ್ಪ್ಸ್‌ನಲ್ಲಿ ಇಂಥ ಲಿಫ್ಟುಗಳಿಗೂ ಗೇಟು ಮತ್ತು ಬೆಲ್ಟು ಹಾಕುವುದು ಬಹುಪಾಲು ಸಾಲು ಕಟ್ಟಿಸುವುದಕ್ಕೆ. ಅಮೆರಿಕದಲ್ಲಿ ಬಹಳ ಕಡೆ ಇವತ್ತಿಗೂ "ಇಲ್ಲಿ ಕಾಯಿರಿ", "ಇಲ್ಲಿ ಕೂರಿ" ಅನ್ನುವ ಎರಡು ಫಲಕ ಮತ್ತು ಒಬ್ಬ ಚುರುಕಿನ ಆಪರೇಟರ್, ಅಷ್ಟೇ. ಮೊಂಟಾನಾದ ಬಿಗ್ ಸ್ಕೈನಲ್ಲಿ 2018ರಲ್ಲಿ ಬಂದ ಎಂಟು ಸೀಟಿನ ರ‍್ಯಾಮ್‌ಚಾರ್ಜರ್‌ನಂಥ ದೊಡ್ಡ ಕುರ್ಚಿಗಳು ಬಂದ ಮೇಲೆ ಅಲ್ಲೂ ಬೆಲ್ಟಿನ ಬಗ್ಗೆ ಒಲವು ಹೆಚ್ಚಿದೆ. ಎಂಟು ಜನ ಒಟ್ಟಿಗೆ ಒಂದು ಗೆರೆಯಲ್ಲಿ ನಿಲ್ಲುವುದು ಬರೀ ಕೈಸನ್ನೆಯಿಂದ ಆಗುವ ಕೆಲಸವಲ್ಲ.

ಹಿಮಪಥಿಕ
ತುಂಬ ಉಪಕಾರವಾಯಿತು. ಸೆನ್ಸಾರ್ ಬಗ್ಗೆ ಇನ್ನೊಂದು ಪ್ರಶ್ನೆ. ಕೆಲವೊಮ್ಮೆ ಗೇಟು ಒಂದು ಕುರ್ಚಿಗೆ ತೆರೆಯುವುದೇ ಇಲ್ಲ, ಅದು ಖಾಲಿ ಹೋಗುತ್ತದೆ, ಮುಂದಿನದಕ್ಕೆ ಮತ್ತೆ ಸರಿ. ಗಾಳಿ ಇರುವ ದಿನ ಇದು ಜಾಸ್ತಿ.

ಪಲ್ಸ್_ಎಣಿಕೆ
ಗಾಳಿ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ಇಂಡಕ್ಟಿವ್ ಸೆನ್ಸಾರ್ ಲೋಹವನ್ನು ಗುರುತಿಸುವುದು ಕೆಲವೇ ಸೆಂಟಿಮೀಟರ್ ದೂರದಲ್ಲಿ. ಅದನ್ನು ಕುರ್ಚಿಯ ತೂಗುಗಂಬಿಯ ಕಡೆ ತಿರುಗಿಸಿಟ್ಟಿದ್ದರೆ ಗಾಳಿಗೆ ಕಂಬಿ ಆಚೆ ಸರಿದಾಗ ಕಾಣುವುದಿಲ್ಲ. ಸೆನ್ಸಾರನ್ನು ಹಗ್ಗ ಚಕ್ರಕ್ಕೆ ಅಪ್ಪಿಕೊಂಡಿರುವ ಕಡೆ, ಗ್ರಿಪ್ಪನ್ನೇ ನೋಡುವಂತೆ ಇಡಬೇಕು. ಅಲ್ಲಿ ಹಗ್ಗ ಅಲುಗುವುದಿಲ್ಲ. ಬೆಳಕಿನ ಸೆನ್ಸಾರ್ ಆದರೆ ಹಿಮ ಬೀಳುವಾಗ ಕುರುಡಾಗುತ್ತದೆ, ಗಾಜಿನ ಮೇಲೆ ಮಂಜು ಕಟ್ಟುತ್ತದೆ.

ಸಿಗ್ನಲ್ ಬಾರದಿದ್ದರೆ ಗೇಟು ಮುಚ್ಚಿಯೇ ಇರುವುದು ಸರಿಯಾದ ನಡವಳಿಕೆ, ಅದನ್ನು "ಸರಿಪಡಿಸಲು" ಹೋಗಬೇಡಿ. ಕೆಲವರು ಇದಕ್ಕೆ ಅಡ್ಡದಾರಿ ಹಿಡಿದು, ಹಿಂದಿನ ಕುರ್ಚಿಯಿಂದ 15 ಮೀ. ಎಣಿಸಿ ಮುಂದಿನದನ್ನು ಊಹಿಸುವಂತೆ ಪ್ರೋಗ್ರಾಂ ಬರೆಯುತ್ತಾರೆ. ಫಿಕ್ಸೆಡ್ ಗ್ರಿಪ್‌ನಲ್ಲಿ ಇದು ಕೂಡದು. ಹಗ್ಗ ಒಂದೇ ಕಡೆ ಸವೆಯದಿರಲೆಂದು ಗ್ರಿಪ್ಪುಗಳನ್ನು ಆಗಾಗ ಬಿಚ್ಚಿ ಸ್ವಲ್ಪ ಮುಂದಕ್ಕೆ ಕಟ್ಟುತ್ತಾರೆ. ಆ ಕೆಲಸ ನಡುವೆ ಇದ್ದಾಗ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ. ಪ್ರತಿ ಕುರ್ಚಿಯನ್ನೂ ಕಣ್ಣಾರೆ ಕಂಡೇ ಗೇಟು ತೆರೆಯಬೇಕು. ಎಣಿಕೆಯನ್ನು ತಾಳೆ ನೋಡಲು ಮಾತ್ರ ಬಳಸಿ.

ಬುಲ್‌ವೀಲ್_ಭಟ್ಟರು
ಜೊತೆಗೆ ಬೆಳಗಿನ ಪರೀಕ್ಷೆಯಲ್ಲಿ ಬೆಲ್ಟಿನ ನಿಜವಾದ ವೇಗ ಅಳೆಯಿರಿ. ಬೆಲ್ಟಿನ ಮೇಲೆ ಸುಣ್ಣದ ಗೆರೆ, ಪಕ್ಕದ ಚೌಕಟ್ಟಿನ ಮೇಲೆ 4 ಮೀ. ಅಂತರದ ಎರಡು ಗುರುತು, ಕೈಯಲ್ಲಿ ಸ್ಟಾಪ್‌ವಾಚ್. 0.8ಕ್ಕೆ 5 ಸೆಕೆಂಡ್ ಬರಬೇಕು. 5.7 ಬಂದರೆ ಬೆಲ್ಟು 0.7ರಲ್ಲಿ ಓಡುತ್ತಿದೆ, ಡ್ರಮ್ಮಿನ ಮೇಲೆ ಜಾರುತ್ತಿದೆ. ಮೋಟರಿನ ಎನ್‌ಕೋಡರ್ ಮಾತ್ರ ಎಲ್ಲ ಸರಿಯಿದೆ ಅನ್ನುತ್ತಲೇ ಇರುತ್ತದೆ, ಏಕೆಂದರೆ ಅದಕ್ಕೆ ಗೊತ್ತಿರುವುದು ಮೋಟರ್ ಮಾತ್ರ. ಕಾರಣ ಬಹುಮಟ್ಟಿಗೆ ಬೆಲ್ಟಿನ ಅಡಿಭಾಗದಲ್ಲಿ ಕಟ್ಟಿದ ಮಂಜುಗಡ್ಡೆ ಅಥವಾ ಸಡಿಲವಾದ ಬಿಗಿತ. ಮಂಜುಗಡ್ಡೆ ತೆಗೆಯದೆ ಬರೀ ಬಿಗಿ ಮಾಡಿದರೆ ಬೆಲ್ಟು ಒಂದು ಪಕ್ಕಕ್ಕೆ ಸರಿಯುತ್ತದೆ. ಬೆಲ್ಟಿನ ಕೊನೆಯ ಸುರಕ್ಷತಾ ಪಟ್ಟಿಯನ್ನು ಕಾಲಿನಿಂದ ಒತ್ತಿ, ಬೆಲ್ಟೂ ಲಿಫ್ಟೂ ಎರಡೂ ನಿಲ್ಲುತ್ತವೆಯೇ ನೋಡಿ. ಗಾಳಿ ಒತ್ತಡದ ಗೇಟಾದರೆ ಕಂಪ್ರೆಸರ್ ಟ್ಯಾಂಕಿನ ನೀರು ಬಸಿಯಿರಿ, ಡ್ರೈಯರ್ ನೋಡಿ. ಕೊಳವೆಯೊಳಗಿನ ಒಂದು ಹನಿ ಗಡ್ಡೆಕಟ್ಟಿದರೆ ನಾಲ್ಕರಲ್ಲಿ ಒಂದು ತೋಳು ಸೋಮಾರಿಯಾಗುತ್ತದೆ. ಮೂವರು ಹೊರಟಿರುತ್ತಾರೆ, ನಾಲ್ಕನೆಯವರು ತೋಳನ್ನು ತಳ್ಳಿಕೊಂಡು ತಡವಾಗಿ ಬರುತ್ತಾರೆ.

ಆಲ್ಪ್ಸ್_ಅಂಚಿನಿಂದ
ಮಕ್ಕಳ ವಿಷಯ ಮೊದಲ ಪ್ರಶ್ನೆಯಲ್ಲೇ ಇತ್ತು. ಮಕ್ಕಳಿಗೆಂದು ವೇಗ ಇಳಿಸುವ ಬದಲು ಬೆಲ್ಟನ್ನೇ ಮೇಲೆತ್ತುವ ಮಾದರಿಗಳಿವೆ. ಗೇಟಿನ ಕಂಬದಲ್ಲಿ ಎತ್ತರ ನೋಡುವ ಬೆಳಕಿನ ಕಣ್ಣು ಇರುತ್ತದೆ, ಸಾಲಿನಲ್ಲಿ ಚಿಕ್ಕವರು ಕಂಡರೆ ಬೆಲ್ಟು ಒಂದು ಗೇಣಿನೊಳಗೆ ಮೇಲೇಳುತ್ತದೆ, ಸೀಟು ಮಗುವಿನ ಮೊಣಕಾಲ ಹಿಂಭಾಗಕ್ಕೆ ಸರಿಯಾಗಿ ಸಿಗುತ್ತದೆ. ಅದಿಲ್ಲದ ಕಡೆ ಮಗುವನ್ನು ಆಪರೇಟರ್ ನಿಂತ ಪಕ್ಕದ ಸಾಲಿಗೆ, ಅದರ ಪಕ್ಕಕ್ಕೆ ದೊಡ್ಡವರನ್ನು ಬಿಡಿ. ಗೇಟಿಗೆ ಯಾರು ಯಾರ ಮಗು ಎಂದು ತಿಳಿಯದು. ಆ ಜೋಡಣೆ ಗೇಟಿನ ಹಿಂದೆಯೇ ಆಗಬೇಕು.

ಸಲಿಕೆ_ಸಾವಿತ್ರಿ
ಬೆಲ್ಟಿನ ಮೇಲೆ ಯಾರಾದರೂ ಬಿದ್ದು ಲಿಫ್ಟ್ ನಿಲ್ಲಿಸಿದ ಮೇಲಿನ ಕ್ರಮವನ್ನೂ ಇಲ್ಲಿ ಬರೆದಿಡುತ್ತೇನೆ, ಅವಸರದಲ್ಲಿ ಎಲ್ಲರೂ ಬಿಡುವ ಹೆಜ್ಜೆ ಇದೇ. 2.5 ಮೀ. ವೇಗದಿಂದ ಸೆಕೆಂಡಿಗೆ 0.5 ಮೀ.ನಂತೆ ವೇಗ ಕಳೆಯುವ ಸಾಮಾನ್ಯ ನಿಲುಗಡೆಗೆ 6 ಮೀ.ಗೂ ಹೆಚ್ಚು ದೂರ ಬೇಕು. ಕುರ್ಚಿ ಅದಕ್ಕಿಂತ ಹತ್ತಿರ ಇದ್ದರೆ ತುರ್ತು ನಿಲುಗಡೆಯ ಗುಂಡಿಯೇ. ನಿಂತ ಮೇಲೆ ಬಿದ್ದವರನ್ನು ಎಬ್ಬಿಸಿದರೆ ಸಾಲದು. ಬೆಲ್ಟಿನ ಮೇಲೆ ಉಳಿದವರೆಲ್ಲ ಈಗ ತಾಳ ತಪ್ಪಿದವರು, ಏಕೆಂದರೆ ಹಗ್ಗ ಮತ್ತು ಬೆಲ್ಟು ಒಂದೇ ದೂರದ ಲೆಕ್ಕದಲ್ಲಿ ನಿಂತಿರುವುದಿಲ್ಲ. ಅವರನ್ನು ಪಕ್ಕಕ್ಕಿಳಿಸಿ ಮತ್ತೆ ಗೇಟಿನ ಹಿಂದಕ್ಕೆ ಕಳಿಸಿ. ಬೆಲ್ಟು ಪೂರ್ತಿ ಖಾಲಿ ಎಂದು ಕಣ್ಣಲ್ಲಿ ನೋಡಿ. ಗೇಟು ಮುಚ್ಚಿರುವಾಗಲೇ ಲಿಫ್ಟ್ ಶುರುಮಾಡಿ, ಮೊದಲ ಕುರ್ಚಿಗಳು ಖಾಲಿ ಹೋಗಲಿ. ವೇಗ ಸ್ಥಿರವಾದ ಮೇಲೆ ಗೇಟನ್ನು ಆಟೊಗೆ ಹಾಕಿ.

ಹಿಮಪಥಿಕ
ಪಿಎಲ್‌ಸಿ ಪಟ್ಟಿ ತೆರೆದು ನೋಡಲಾಯಿತು. ಪಲ್ಸ್ ಅವರು ಹೇಳಿದಂತೆಯೇ ಜಾರುವ ಭಾಗಕ್ಕೆ 3.75 ಮೀ. ಎಂದು ಸ್ಥಿರ ಅಂಕಿ ಇದೆ. ತಯಾರಕರಿಗೆ ಬರೆದು ಅವರ ಕಡೆಯಿಂದಲೇ ಬದಲಾವಣೆ ಮಾಡಿಸುವುದು ಎಂದಾಗಿದೆ. ಅಲ್ಲಿಯವರೆಗೆ ಅರ್ಧ ವೇಗದಲ್ಲಿ ಗೇಟನ್ನು ಆಟೊದಲ್ಲಿ ಬಿಡಬಹುದೇ?

ಪಲ್ಸ್_ಎಣಿಕೆ
ಬೇಡ. ಅರ್ಧ ವೇಗಕ್ಕೆ ಇಳಿಸಿದಾಗೆಲ್ಲ ಮ್ಯಾನ್ಯುಯಲ್. 1ನೇ ಕುರ್ಚಿ ಗೆರೆಯಿಂದ 4.4 ಮೀ. (17.5 + 1.9 − 15) ಹಿಂದೆ ಬರುವ ಜಾಗಕ್ಕೆ ಪಕ್ಕದ ಬೇಲಿಯಲ್ಲಿ ಕೆಂಪು ಪಟ್ಟಿ ಕಟ್ಟಿ. ಕುರ್ಚಿಯ ಹಿಂಬದಿ ಆ ಪಟ್ಟಿಗೆ ಬಂದಾಗ ಆಪರೇಟರ್ ಗುಂಡಿ ಒತ್ತಲಿ. ಒಂದು ಕುರ್ಚಿ ತಪ್ಪಿದರೆ ಖಾಲಿ ಬಿಡಲಿ, ತಡವಾಗಿ ಒತ್ತುವುದು ಬೇಡ.

ಸಲಿಕೆ_ಸಾವಿತ್ರಿ
ಪಟ್ಟಿ ಕಟ್ಟುವ ಮುಂಚೆ ಗೇಟಿನ ಬುಡದ ಹಿಮ ತುಂಬಿ.